ಹನ್ನೊಂದು ಹತ್ತರ ಬಿಡುವು

ಜನವರಿ ೧೨

ಪ್ರೀತಿಯ ಚಿಕ್ಕಮ್ಮ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಅಮ್ಮನಿಗೆ ಮಂಡಿನೋವು, ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಇವೆರಡನ್ನು ಬಿಟ್ಟರೆ ಉಳಿದದ್ದು ಪರವಾಗಿಲ್ಲ.

ನಮ್ಮ ಲಾಂಡ್ರಿಗೆ ಹೊಸ ವರ್ಷದ ಜೊತೆ ಹೊಸ ಕಾನೂನೂ ಬಂದಿದೆ. ಉಗಿ ಒಂದು ಸಲ ಇಳಿದರೆ ಮತ್ತೆ ಏರಲು ಒಂದು ಗಂಟೆ ಬೇಕಂತೆ. ಅದಕ್ಕೆ ಇನ್ನು ಮೇಲೆ ಎಲ್ಲರಿಗೂ ಒಟ್ಟಿಗೆ ಬಿಡುವಿಲ್ಲ. ಒಂದೊಂದು ಇಸ್ತ್ರಿ ಯಂತ್ರಕ್ಕೆ ಒಂದೊಂದು ಹೊತ್ತು, ತಲಾ ಹದಿನೈದು ನಿಮಿಷ. ನಾವೆಲ್ಲ ದೊಡ್ಡಕ್ಕ ಎಂದು ಕರೆಯುವ ನಾಲ್ಕನೇ ಯಂತ್ರದವಳಿಗೆ ಹನ್ನೊಂದು ಹತ್ತಕ್ಕೆ. ಆರನೇ ಯಂತ್ರದ ನನಗೆ ಹನ್ನೊಂದು ನಲವತ್ತಕ್ಕೆ. ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದಾರೆ. ಉಗಿಗೆ ಸುಸ್ತಾಗಬಾರದು, ನಮಗೆ ಆಗಬಹುದು! ನಾಲ್ಕು ಹೆಂಗಸರು ಒಂದು ಬೆಂಚಿನ ಮೇಲೆ ಕೂತು ಮಾತಾಡಬಾರದು ಎನ್ನುವುದೇ ಇದರ ಒಳಗುಟ್ಟು. ನಿನ್ನ ಟ್ರಂಕಿನ ಕಾರ್ಮಿಕ ಚಳವಳಿಯ ಕರಪತ್ರಗಳನ್ನು ಓದಿ ಬೆಳೆದವಳಿಗೆ ಇಷ್ಟು ಗೊತ್ತಾಗುವುದಿಲ್ಲವೇ?

ಆದರೆ ನಾವೂ ಕಡಿಮೆಯಿಲ್ಲ. ಮೊಬೈಲು ಕಪಾಟಿನಲ್ಲಿರಬೇಕು, ಬಿಡುವಿನಲ್ಲಿ ಮಾತ್ರ ಮುಟ್ಟಬಹುದು. ಹಾಗಾಗಿ ಒಬ್ಬಳು ತನ್ನ ಕಾಲು ಗಂಟೆಯಲ್ಲಿ ಮೊಬೈಲಿನ ನಮ್ಮ ಗುಂಪಿನಲ್ಲಿ ಒಂದು ಮಾತು ಬರೆದಿಟ್ಟು ಹೋಗುತ್ತಾಳೆ. ಮುಂದಿನವಳು ತನ್ನ ಕಾಲು ಗಂಟೆಯಲ್ಲಿ ಅದಕ್ಕೆ ಒಗ್ಗರಣೆ ಹಾಕುತ್ತಾಳೆ. ಬೆಳಿಗ್ಗೆ ಹುಟ್ಟಿದ ಜೋಕು ಸಂಜೆಯ ಹೊತ್ತಿಗೆ ಒಂಬತ್ತು ಯಂತ್ರ ಸುತ್ತಿ ಬಂದಿರುತ್ತದೆ.

ನೀನು ಗುಂಪಿಗೆ ಸೇರಿದ್ದು ನನಗೆ ಎಷ್ಟು ಖುಷಿ ಗೊತ್ತೇ? ನಮ್ಮಲ್ಲಿ ಯಾರಾದರೂ ಜಾಮೀನು ನಿಲ್ಲದೆ ಹೊಸಬರನ್ನು ಸೇರಿಸುವುದಿಲ್ಲ. ನಿನಗೆ ನಾನು ನಿಂತೆ. ದೊಡ್ಡಕ್ಕ ಕೇಳಿದಳು, "ಅಷ್ಟು ಓದಿದೋಳಿಗೆ ನಮ್ಮ ಹರಟೆಯಲ್ಲಿ ಏನ್ ಕೆಲಸ?" ನಾನೆಂದೆ, "ನಮ್ಮ ಅರ್ಜಿ ತಿದ್ದಿಕೊಡ್ತಾಳೆ." "ಸರಿ ಬಿಡು, ಮನೆಯವಳೇ ತಾನೆ" ಅಂದಳು. ನೀನು "ನಾನು ಕೇಳಿಸಿಕೊಳ್ಳಲು ಬಂದಿದ್ದೇನೆ" ಎಂದು ಬರೆದಾಗ ಇಪ್ಪತ್ತೆರಡು ಹೃದಯದ ಗುರುತು ಬಿದ್ದವು. ಬಾಯ್ಲರಿನವನ ಮದುವೆಗೂ ಅಷ್ಟು ಬಿದ್ದಿರಲಿಲ್ಲ.

ಉತ್ತರವನ್ನು ಕಾಗದದಲ್ಲೇ ಬರೆ. ಮೊಬೈಲಿನಲ್ಲಿ ನೀನು ಎಲ್ಲರಿಗೂ ಸೇರಿದವಳು. ಕಾಗದದಲ್ಲಿ ನನ್ನವಳು.

ನಿನ್ನ ಬೆಂಕಿಪೊಟ್ಟಣ


ಫೆಬ್ರವರಿ ೩

ನನ್ನ ಬೆಂಕಿಪೊಟ್ಟಣವೇ,

ನಿನ್ನ ಪತ್ರ ಬಂದ ದಿನ ವಿಶ್ವವಿದ್ಯಾಲಯದ ನಮ್ಮ ವಿಭಾಗದಲ್ಲಿ ಸಭೆ ಇತ್ತು. ಕಾಯಂ ಆದವರೆಲ್ಲ ಮೇಜಿನ ಸುತ್ತ, ನನ್ನಂಥ ತಾತ್ಕಾಲಿಕದವರು ಗೋಡೆಯ ಪಕ್ಕದ ಕುರ್ಚಿಗಳಲ್ಲಿ. ಹನ್ನೊಂದು ವರ್ಷದಿಂದ ಅದೇ ಗೋಡೆ. ಈಗ ಆ ಗೋಡೆಯ ಬಿರುಕುಗಳಿಗೂ ನನ್ನ ಪರಿಚಯವಿದೆ. ಸಭೆಯಲ್ಲಿ ಕಡತದ ಒಳಗೆ ನಿನ್ನ ಪತ್ರ ಇಟ್ಟುಕೊಂಡು ಓದಿದೆ. ಒಮ್ಮೆ ಜೋರಾಗಿ ನಕ್ಕುಬಿಟ್ಟೆ. ಮುಖ್ಯಸ್ಥರು ಕನ್ನಡಕದ ಮೇಲಿಂದ ನೋಡಿದರು.

ಬಿಡುವಿನ ಪದ್ಧತಿ ನನಗೆ ಬಹಳ ಕುತೂಹಲ ಹುಟ್ಟಿಸಿತು. ಒಂದು ಮಾತು ಯಂತ್ರದಿಂದ ಯಂತ್ರಕ್ಕೆ ಹೋಗುತ್ತಾ ಬೆಳೆಯುವುದು ಎಂಥ ಚೆಂದ! ಆ ಪಟ್ಟಿ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ? ಯಾರೂ ತಮ್ಮ ಹೊತ್ತನ್ನು ಅದಲುಬದಲು ಮಾಡಿಕೊಳ್ಳುವುದಿಲ್ಲವೇ? ಸುಮ್ಮನೆ ಕೇಳಿದೆ.

ನಿಮ್ಮ ಗುಂಪನ್ನು ದಿನಾ ಓದುತ್ತೇನೆ. ನಾನು ಈಗ ನಗುವಿನ ಬಗ್ಗೆ ಏನೋ ಒಂದು ಬರೆಯುತ್ತಿದ್ದೇನೆ, ಕೆಲಸದ ಜಾಗದ ನಗು. ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಅಕ್ಕನಿಗೆ ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಳ್ಳಲು ಹೇಳು. ನನ್ನ ಮಾತು ಕೇಳುವುದಿಲ್ಲ, ಚಿಕ್ಕವಳಲ್ಲವೇ ನಾನು.

ಚಿಕ್ಕಮ್ಮ


ಮಾರ್ಚ್ ೨೦

ಪ್ರೀತಿಯ ಚಿಕ್ಕಮ್ಮ,

ಪಟ್ಟಿ ಬದಲಾಗುವುದೇ ಇಲ್ಲ. ಹೊತ್ತು ಅದಲುಬದಲು ಮಾಡಿದರೆ ಅರ್ಧ ದಿನದ ಗೈರು. ನಿನಗೆ ಇದೆಲ್ಲ ಯಾಕೆ ಬೇಕು? ಇಲ್ಲಿಗೆ ಸೂಪರ್‌ವೈಸರ್ ಆಗಿ ಬರುತ್ತೀಯಾ? ಬಾ. ಈಗ ಇರುವವನಿಗಿಂತ ನೀನೇ ವಾಸಿ. ಅವನಿಗೆ ನಾವು ಇಟ್ಟ ಹೆಸರು ಮುಳ್ಳು. ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಲೇ ಇರುತ್ತಾನೆ, ಚುಚ್ಚುತ್ತಲೂ ಇರುತ್ತಾನೆ.

ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ಆಸ್ಪತ್ರೆಯಿಂದ ಬಂದ ಹಾಸುಬಟ್ಟೆಗಳನ್ನು ಬೇರೆ ಯಂತ್ರದಲ್ಲಿ, ಕುದಿವ ನೀರಿನಲ್ಲಿ ಒಗೆಯಬೇಕು. ಅದು ನಿಯಮ. ಎರಡು ತಿಂಗಳಿಂದ ಅವನ್ನೂ ಹೋಟೆಲಿನ ಹಾಸುಗಳನ್ನೂ ಒಂದೇ ಹೊಟ್ಟೆಗೆ ತುರುಕುತ್ತಿದ್ದಾರೆ, ಅದೂ ಬೆಚ್ಚಗಿನ ನೀರಿನಲ್ಲಿ. ಮೊದಲು ಕಂಡುಹಿಡಿದವಳು ದೊಡ್ಡಕ್ಕ. ಹೋಟೆಲಿನ ದಿಂಬಿನ ಕವರಿನೊಳಗೆ ಅವಳಿಗೆ ಆಸ್ಪತ್ರೆಯ ಬ್ಯಾಂಡೇಜಿನ ತುಂಡು ಸಿಕ್ಕಿತು.

ಗುಂಪಿನಲ್ಲಿ ಅವಳು ಬರೆದದ್ದನ್ನು ನೀನು ಓದಿರುತ್ತೀಯ: "ನಮ್ಮ ಹೋಟೆಲಿನ ಗಿರಾಕಿಗಳು ಪುಣ್ಯವಂತರು ಕಣ್ರೇ, ಕಾಯಿಲೆ ಬೀಳದೇನೇ ಆಸ್ಪತ್ರೆ ಹಾಸಿಗೆ ಸಿಗುತ್ತೆ." ಎಲ್ಲರೂ ನಕ್ಕರು. ನನಗೆ ನಗಲಾಗಲಿಲ್ಲ. ನನ್ನ ಬಿಡುವಿನಲ್ಲಿ ನಾನು ಬರೆದೆ: "ನಾನು ಬಾಯಿ ಬಿಟ್ಟರೆ ಆ ಹೋಟೆಲು ನಾಳೆಯೇ ಬಾಗಿಲು ಹಾಕುತ್ತೆ." ದೊಡ್ಡಕ್ಕ ಮರುದಿನ ನೀರಿನ ನಲ್ಲಿಯ ಹತ್ತಿರ ನನ್ನ ಕಿವಿ ಹಿಂಡಿದಳು. "ಬಾಯಿ ಬಿಡೋದಲ್ಲ, ಬರೆದಿಡೋದು. ಆರು ತಿಂಗಳು ಕಾಲ ದಿನ, ಯಂತ್ರ, ನೀರಿನ ಬಿಸಿ ಎಲ್ಲ ಬರೆದಿಟ್ಟು ಆಮೇಲೆ ತಪಾಸಣೆಯವರ ಹತ್ತಿರ ಹೋಗೋಣ. ಅಲ್ಲೀವರೆಗೆ ನಗ್ತಾ ಇರು."

ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು. ಅವಳ ಮುಂದೆ ನನ್ನ ಕರಪತ್ರದ ಜ್ಞಾನ ನೆಲ ಒರೆಸಬೇಕು.

ನಿನ್ನ ನಗುವಿನ ಬರಹ ಎಲ್ಲಿಗೆ ಬಂತು?

ನಿನ್ನ ಬೆಂಕಿಪೊಟ್ಟಣ


ಆಗಸ್ಟ್ ೯

ಪ್ರೀತಿಯ ಹುಡುಗಿ,

ಐದು ತಿಂಗಳಾಯಿತು, ಬೈಯಬೇಡ. ಬರೆಯುವುದು, ತಿದ್ದುವುದು, ಮತ್ತೆ ಬರೆಯುವುದು, ಅಷ್ಟರಲ್ಲೇ ಕಳೆಯಿತು. ಕೊನೆಗೂ ಲೇಖನ ಅಚ್ಚಾಯಿತು. ಒಳ್ಳೆಯ ಸಂಶೋಧನಾ ಪತ್ರಿಕೆ. ವಾರಪತ್ರಿಕೆಯೊಂದು ಅದರಿಂದ ಕೆಲವು ಸಾಲು ಎತ್ತಿ ಹಾಕಿದೆ. ಮುಖ್ಯಸ್ಥರು ಮೊದಲ ಸಲ ನನ್ನ ಹೆಸರು ಹಿಡಿದು ಕರೆದರು. ನವೆಂಬರ್ ಹದಿನೆಂಟಕ್ಕೆ ಕಾಯಂ ಹುದ್ದೆಯ ಸಂದರ್ಶನ.

ನಿನಗೆ ಕಳಿಸುತ್ತಿದ್ದೆ. ಆದರೆ ಅದರ ಭಾಷೆ ಕಬ್ಬಿಣದ ಕಡಲೆ, ನಿನಗೆ ಬೇಸರವಾದೀತು. ಯಾವಾಗಲಾದರೂ ಎದುರಿಗೆ ಕೂತು ಹೇಳುತ್ತೇನೆ.

ಅಕ್ಕನಿಗೆ ಸುದ್ದಿ ಹೇಳು, ಖುಷಿಪಡುತ್ತಾಳೆ.

ಚಿಕ್ಕಮ್ಮ


ಸೆಪ್ಟೆಂಬರ್ ೧೪

ಚಿಕ್ಕಮ್ಮ,

ನಮ್ಮೊಳಗೆ ಯಾರೋ ಮನೆಮುರುಕಿ ಇದ್ದಾಳೆ.

ಮೊನ್ನೆ ಮುಳ್ಳು ದೊಡ್ಡಕ್ಕನನ್ನು ಯಂತ್ರದಿಂದ ಎಬ್ಬಿಸಿ ಆಫೀಸಿಗೆ ಕರೆದುಕೊಂಡು ಹೋದ. ವ್ಯವಸ್ಥಾಪಕನ ಮೇಜಿನ ಮೇಲೆ ಅಚ್ಚಾದ ಹಾಳೆ ಇತ್ತಂತೆ. ಅದರಲ್ಲಿ ನಮ್ಮ ಗುಂಪಿನ ಮಾತುಗಳು, ಪಕ್ಕದಲ್ಲಿ ಗಂಟೆ, ನಿಮಿಷ. ಹಾಳೆಯನ್ನು ಅವಳ ಕೈಗೆ ಕೊಡಲಿಲ್ಲ. ಮುಳ್ಳು ಗೋಡೆಯ ಬಿಡುವಿನ ಪಟ್ಟಿಯನ್ನು ಕಿತ್ತು ತಂದು ಅದರ ಪಕ್ಕಕ್ಕಿಟ್ಟ. "ಹನ್ನೊಂದು ಹತ್ತಕ್ಕೆ ಯಾರಿಗಮ್ಮಾ ಬಿಡುವು?" ಎಂದು ಕೇಳಿದ.  "ಹೋಟೆಲಿಗೆ ಬಾಗಿಲು ಹಾಕಿಸ್ತೀಯಾ?" ಎಂದ. ಅವಳು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಅಂದೇ ಅವಳನ್ನು ಕೆಲಸದಿಂದ ದೂರ ಇಟ್ಟರು. ವಿಚಾರಣೆ ನವೆಂಬರ್ ಹದಿನಾರಕ್ಕೆ.

ಸಂಜೆಯೇ ನಾನು ಗುಂಪನ್ನು ಅಳಿಸಿಹಾಕಿದೆ. ಇನ್ನಷ್ಟು ಮಾತು ಹೊರಗೆ ಹೋಗದಿರಲಿ ಎಂದು ಎಲ್ಲರಿಗೂ ತಮ್ಮ ತಮ್ಮ ಮೊಬೈಲಿನಿಂದಲೂ ಅಳಿಸಲು ಹೇಳಿದೆ. ನಾಲ್ಕು ವರ್ಷದ ಮಾತು ಹತ್ತು ನಿಮಿಷದಲ್ಲಿ ಹೋಯಿತು.

ಯಾರು ಎಂದು ನನಗೆ ಗೊತ್ತು. ಹರಿದ ಹಾಸುಗಳಿಗೆ ತೇಪೆ ಹಾಕುವ ಹೊಲಿಗೆಯವಳು. ಸೇರಿ ಎಂಟೇ ತಿಂಗಳು, ಅವಳ ಭಾವ ಆಫೀಸಿನಲ್ಲಿ ಗುಮಾಸ್ತ. ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರ ಎದುರು ಕೇಳಿದೆ. "ನಾನಲ್ಲ ಅಕ್ಕಾ, ನನ್ನ ಮಕ್ಕಳಾಣೆ" ಅಂದಳು. "ಆಣೆಯನ್ನ ಅಂಗಡಿಯಲ್ಲಿ ಮಾರ್ತಾರಾ?" ಅಂದೆ. ಈಗ ಅವಳ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ. ತನ್ನ ಹೊಲಿಗೆ ಯಂತ್ರದ ಮುಂದೆಯೇ ಡಬ್ಬಿ ಬಿಚ್ಚುತ್ತಾಳೆ.

ನನ್ನದು ಸರಿ ತಾನೆ? ನೀನು ಇಂಥವನ್ನು ನೋಡಿದವಳು, ಬೇಗ ಬರೆ.

ಬೆಂಕಿಪೊಟ್ಟಣ


ಅಕ್ಟೋಬರ್ ೪

ಪ್ರೀತಿಯ ಹುಡುಗಿ,

ತಡವಾಯಿತು. ಒಂದು ವಾರ ಜ್ವರ, ಆಮೇಲೆ ಪರೀಕ್ಷೆಯ ಮೌಲ್ಯಮಾಪನ. ನನ್ನ ಕೋಣೆಯ ಫ್ಯಾನು ಬೇರೆ ಕೆಟ್ಟಿದೆ. ರಿಪೇರಿಯವನು ನಾಳೆ ಎನ್ನುತ್ತಾನೆ, ಅವನ ನಾಳೆ ಮುಗಿಯುವುದೇ ಇಲ್ಲ.

ನಿಮ್ಮ ದೊಡ್ಡಕ್ಕನ ಸುದ್ದಿ ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ಆತುರದಲ್ಲಿ ಯಾರ ಮೇಲೂ ಬೆರಳು ತೋರಿಸಬೇಡ. ಈ ಕಾಲದಲ್ಲಿ ಮಾತು ಎಲ್ಲಿಂದ ಎಲ್ಲಿಗೆ ಸೋರುತ್ತದೆ ಎಂದು ಯಾರು ಬಲ್ಲರು? ಆ ಹಾಳೆಯಲ್ಲಿ ಯಾರದಾದರೂ ಹೆಸರು ಇದೆಯೇ? ಹೆಸರಿಲ್ಲದಿದ್ದರೆ ಅವರು ಏನನ್ನೂ ಸಾಬೀತು ಮಾಡಲಾರರು. ಅದನ್ನು ಮೊದಲು ನೋಡಿ ಬರೆ. ಹೊಲಿಗೆಯವಳನ್ನು ಸುಮ್ಮನೆ ಬಿಡು.

ಅಕ್ಕನ ಮಂಡಿ ಹೇಗಿದೆ?

ಚಿಕ್ಕಮ್ಮ


ಅಕ್ಟೋಬರ್ ೧೫

ಚಿಕ್ಕಮ್ಮನವರಿಗೆ,

ಹೆಸರಿಲ್ಲ. ನೀವು ಕೇಳಿದ್ದಕ್ಕೆ ಮೊದಲು ಉತ್ತರ.

ವಿಚಾರಣೆಗೆ ಮುಂಚೆ ಆಪಾದನೆಯ ಪ್ರತಿ ಕೊಡಲೇಬೇಕು ಎಂದು ಬಾಯ್ಲರಿನವನು ಹಟ ಹಿಡಿದದ್ದರಿಂದ ದೊಡ್ಡಕ್ಕನಿಗೆ ಆ ಹಾಳೆ ಸಿಕ್ಕಿತು. ಅವಳ ಮನೆಯ ಅಡುಗೆಕೋಣೆಯ ನೆಲದ ಮೇಲೆ ಇಬ್ಬರೂ ಕೂತು ಓದಿದೆವು. ಮೇಲೆ "ಕೋಷ್ಟಕ ಮೂರು" ಎಂದಿತ್ತು. ಎಡಕ್ಕೆ ಗಂಟೆ, ನಡುವೆ ಮಾತು, ಬಲಕ್ಕೆ "ನಗುವಿನ ಬಗೆ". ದೊಡ್ಡಕ್ಕನ ಹೆಸರು ಸದಸ್ಯೆ ಹನ್ನೊಂದು. ನಗುವಿನ ಬಗೆ: ಕಹಿ.

ಹಾಳೆಯ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಬಿಡುವಿನ ಪದ್ಧತಿಯ ವಿವರ, ಸದಸ್ಯೆಯೊಬ್ಬರ ಖಾಸಗಿ ಪತ್ರದಿಂದ, ಜನವರಿ ೧೨."

ಜನವರಿ ಹನ್ನೆರಡಕ್ಕೆ ನಾನು ಒಂದೇ ಒಂದು ಪತ್ರ ಬರೆದಿದ್ದೆ.

ದೊಡ್ಡಕ್ಕ ನನ್ನ ಮುಖ ನೋಡಿದಳು. ಅವಳಿಗೆ ಸಣ್ಣ ಅಕ್ಷರ ಕಾಣಿಸುವುದಿಲ್ಲ. ನಾನೇ ಓದಿ ಹೇಳಬೇಕಾಯಿತು. ಹೇಳಿದೆ. "ಜಾಮೀನು ನಿಂತವಳು ನೀನು" ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಹಗುರವಾಗುತ್ತಿತ್ತು.

ನಿಮ್ಮ ವಾರಪತ್ರಿಕೆಯ ಸಾಲುಗಳನ್ನು ಹೋಟೆಲಿನವರು ಓದಿದ್ದಾರೆ. ಆಸ್ಪತ್ರೆ ಹಾಸಿಗೆಯ ಮಾತು ತಮ್ಮ ಬಗ್ಗೆಯೇ ಎಂದು ಅನುಮಾನ ಬಂದು ಲಾಂಡ್ರಿಗೆ ಫೋನ್ ಮಾಡಿದ್ದಾರೆ. ಇವರು ನಿಮ್ಮ ಪೂರ್ತಿ ಲೇಖನ ತರಿಸಿಕೊಂಡಿದ್ದಾರೆ. ನೀವು ಹೆಸರು ಅಳಿಸಿ ಗಂಟೆ ಉಳಿಸಿದಿರಿ. ನಮ್ಮ ಲಾಂಡ್ರಿಯಲ್ಲಿ ಗಂಟೆಯೇ ಹೆಸರು ಎಂದು ನಾನೇ ನಿಮಗೆ ಬರೆದು ತಿಳಿಸಿದ್ದೆನಲ್ಲ. ಪಟ್ಟಿ ಬದಲಾಗುತ್ತದೆಯೇ ಎಂದು ನೀವು ಕೇಳಿದ್ದಿರಿ. ಸುಮ್ಮನೆ ಕೇಳಿದೆ ಎಂದಿದ್ದಿರಿ.

ಇನ್ನೊಂದು. ಹನ್ನೊಂದು ಹತ್ತರ ಕೆಳಗೆ ಎರಡು ವಾಕ್ಯಗಳಿವೆ. ಮೊದಲನೆಯದು ದೊಡ್ಡಕ್ಕನದು. "ಬಾಗಿಲು ಹಾಕುತ್ತೆ" ಎನ್ನುವುದು ನನ್ನದು, ಹನ್ನೊಂದು ನಲವತ್ತರದು. ಅದು ಅವಳ ಬಾಯಿಗೆ ಹೇಗೆ ಹೋಯಿತು? ಆಪಾದನೆ ಇರುವುದು ಆ ಮಾತಿನ ಮೇಲೆಯೇ. ಜೋಕಿಗೆ ಯಾರನ್ನೂ ಕೆಲಸದಿಂದ ತೆಗೆಯಲು ಬರುವುದಿಲ್ಲ, ಬೆದರಿಕೆಗೆ ಬರುತ್ತದೆ. ಮೊದಲ ದಿನ ಆಫೀಸಿನಲ್ಲಿ ಮುಳ್ಳು "ಬಾಗಿಲು ಹಾಕಿಸ್ತೀಯಾ" ಎಂದಾಗಲೇ ಅದು ನನ್ನ ಮಾತು ಎಂದು ದೊಡ್ಡಕ್ಕನಿಗೆ ಗೊತ್ತಾಗಿದೆ, ನನಗೆ ಅದನ್ನು ಕೇಳಿಯೂ ಹೊಳೆದಿರಲಿಲ್ಲ. ಒಂದು ತಿಂಗಳು ಬಾಯಿ ಬಿಟ್ಟಿಲ್ಲ. "ನೀನಿನ್ನೂ ಚಿಕ್ಕವಳು, ಬದುಕು ಮುಂದಿದೆ" ಅಂದಳು. ನಾನು ಮರುದಿನವೇ ಹೋಗಿ ವ್ಯವಸ್ಥಾಪಕನ ಮುಂದೆ ನಿಂತು ಆ ಮಾತು ನನ್ನದು ಎಂದೆ. ಅವನು ನಕ್ಕ. "ಗುಂಪು ತೋರಿಸು" ಅಂದ. ಗುಂಪನ್ನು ನಾನೇ ಅಳಿಸಿದ್ದೇನೆ. ಅದರ ನಕಲು ಈಗ ಪ್ರಪಂಚದಲ್ಲಿ ಒಬ್ಬರ ಹತ್ತಿರ ಮಾತ್ರ ಇದೆ.

ಹೊಲಿಗೆಯವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು, "ನನ್ನ ಭಾವ ಗುಮಾಸ್ತ ಅಂತ ನನ್ನ ಮೇಲೆ ಅನುಮಾನ ಬಂತು. ನಿನ್ನ ಚಿಕ್ಕಮ್ಮನ ಮೇಲೆ ಬರಲಿಲ್ಲ. ಓದಿದೋರು ಕದಿಯಲ್ಲ ಅಂತ ಯಾರು ಹೇಳಿಕೊಟ್ಟರು ನಿನಗೆ?"

ಯಾರು ಹೇಳಿಕೊಟ್ಟರು ಎಂದು ನಿಮಗೆ ಗೊತ್ತು.

ಆರನೇ ಯಂತ್ರ


ಅಕ್ಟೋಬರ್ ೨೪

ಮಗಳೇ,

"ನೀವು" ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ನನ್ನನ್ನು ಹಾಗೆ ಕರೆದವಳಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ನಿನ್ನಿಂದ ಮುಚ್ಚಿಟ್ಟದ್ದನ್ನೆಲ್ಲ ಬರೆಯುತ್ತೇನೆ, ಕೇಳು. ಇಲ್ಲಿ ಮನುಷ್ಯರ ಬಗ್ಗೆ ಸಂಶೋಧನೆ ಮಾಡುವ ಮುಂಚೆ ಒಂದು ಸಮಿತಿಗೆ ನಮೂನೆ ತುಂಬಿ ಕೊಡಬೇಕು. ಸದಸ್ಯರ ಒಪ್ಪಿಗೆ ಇದೆಯೇ ಎಂದು ಅದರಲ್ಲಿ ಕೇಳಿದ್ದರು. ಇದೆ, ಇಪ್ಪತ್ತೆರಡು ಜನರದು ಎಂದು ಬರೆದೆ. ಕೇಳಿಸಿಕೊಳ್ಳಲು ಬಂದಿದ್ದೇನೆ ಎಂದಾಗ ಬಿದ್ದವಲ್ಲ, ಆ ಹೃದಯಗಳನ್ನು ಎಣಿಸಿದೆ. ಆಗ ಅದು ಸುಳ್ಳು ಅನ್ನಿಸಲಿಲ್ಲ. ಅವರು ನನ್ನನ್ನು ಇಷ್ಟಪಟ್ಟಿದ್ದರು, ಕೇಳಿದ್ದರೆ ಹೂಂ ಎನ್ನುತ್ತಿದ್ದರು ಅಂದುಕೊಂಡೆ. ಬೇಡ ಎಂದರೆ ಲೇಖನವೇ ಇಲ್ಲವಲ್ಲ ಎನ್ನುವ ಭಯಕ್ಕೆ ಕೇಳಲಿಲ್ಲ. ಗುರುತು ಸಿಗಬಹುದೇ ಎಂದೂ ಕೇಳಿದ್ದರು. ಇಲ್ಲ ಎಂದೆ. ಲೇಖನ ಪರಿಶೀಲಿಸಿದವರೊಬ್ಬರು ಗಂಟೆ ನಿಮಿಷ ತೆಗೆಯಬಾರದೇ ಎಂದರು. ಅದನ್ನು ತೆಗೆದರೆ ನನ್ನ ವಾದವೇ ಬಿದ್ದುಹೋಗುತ್ತದೆ ಎಂದು ಉಳಿಸಿಕೊಂಡೆ.

ನಿನ್ನ ವಾಕ್ಯದ ವಿಷಯ. ಅದಿಲ್ಲದಿದ್ದರೆ ಆ ನಗುವಿಗೆ ಹಲ್ಲೇ ಇರಲಿಲ್ಲ, ಬಿಡಲು ಮನಸ್ಸಾಗಲಿಲ್ಲ. ಆದರೆ ಹನ್ನೊಂದು ನಲವತ್ತು ಎಂದು ಹಾಕಿದರೆ ಎಲ್ಲಾದರೂ ನೀನು ಸಿಕ್ಕಿಬೀಳುತ್ತೀಯ ಎಂದು ಒಂದು ಕ್ಷಣ ಅಳುಕಾಯಿತು. ಅದಕ್ಕೇ ನಿನ್ನ ಮಾತನ್ನು ಅವಳ ಮಾತಿಗೆ ಹೊಲಿದು, ಎರಡೂ ಒಬ್ಬಳದೇ ಎಂಬಂತೆ ಹನ್ನೊಂದು ಹತ್ತರ ಕೆಳಗೆ ಇಟ್ಟೆ. ನಿನ್ನನ್ನು ಕಾಪಾಡಲೆಂದೇ ಮಾಡಿದ್ದು. ಇದನ್ನಾದರೂ ನಂಬು.

ಅಚ್ಚಾಗುವವರೆಗೆ ನಿನಗೆ ಹೇಳಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಅಚ್ಚಾದ ಮೇಲೆ ಹೇಳಲು ಬಾಯಿಯೇ ಬರಲಿಲ್ಲ.

ಸುಮ್ಮನೆ ಕೂತಿಲ್ಲ ನಾನು. ನಿಮ್ಮ ಲಾಂಡ್ರಿಯ ಆಫೀಸಿಗೆ ವಿಶ್ವವಿದ್ಯಾಲಯದ ಮುದ್ರೆಯ ಕಾಗದದಲ್ಲಿ ಪತ್ರ ಕಳಿಸಿದ್ದೇನೆ. ಈ ಲೇಖನದಿಂದ ಯಾರನ್ನೂ ಗುರುತಿಸಲು ಸಾಧ್ಯವಿಲ್ಲ, ಇದನ್ನು ಯಾರ ವಿರುದ್ಧವೂ ಬಳಸಬಾರದು ಎಂದು ಬರೆದಿದ್ದೇನೆ. ಅದರಿಂದ ಸರಿಹೋಗುತ್ತದೆ.

ಚಿಕ್ಕಮ್ಮ


ನವೆಂಬರ್ ೩

ಚಿಕ್ಕಮ್ಮನವರಿಗೆ,

ನಿಮ್ಮ ಮುದ್ರೆಯ ಕಾಗದ ಬಂದಿದೆ. ಮುಳ್ಳು ಅದರ ನಕಲನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾನೆ, ಬಿಡುವಿನ ಪಟ್ಟಿಯ ಪಕ್ಕ. ಅದರ ಎರಡನೇ ಸಾಲಿಗೆ ಕೆಂಪು ಗೆರೆ ಎಳೆದಿದ್ದಾನೆ: "ಲೇಖನದಲ್ಲಿರುವ ಎಲ್ಲ ಮಾತುಗಳೂ ಸದಸ್ಯೆಯರು ಆಯಾ ಹೊತ್ತಿನಲ್ಲಿ ಬರೆದಂತೆ, ಯಥಾವತ್ತಾಗಿ ದಾಖಲಾಗಿವೆ."

ನನಗೆ ಹೊಲಿದೆ ಎಂದು ಬರೆಯುತ್ತೀರಿ, ಅವರಿಗೆ ಯಥಾವತ್ತು ಎಂದು ಬರೆಯುತ್ತೀರಿ. ಒಂದೇ ವಾರದಲ್ಲಿ, ಒಂದೇ ಪೆನ್ನಿನಲ್ಲಿ. ಆ ಸಾಲು ದೊಡ್ಡಕ್ಕನಿಗಾಗಿ ಬರೆದದ್ದಲ್ಲ, ಹದಿನೆಂಟನೇ ತಾರೀಕಿನ ಸಂದರ್ಶನಕ್ಕಾಗಿ ಬರೆದದ್ದು. ಅವಳ ಮೇಲಿದ್ದದ್ದು ಬರೀ ಅನುಮಾನ. ಅದಕ್ಕೆ ಮುದ್ರೆ ಒತ್ತಿಕೊಟ್ಟವರು ನೀವು.

ಮೂರು ದಿನದಿಂದ ಒಂದೇ ಯೋಚನೆ ನನಗೆ. ಗಂಟೆಯಿಂದ ಗುರುತು ಸಿಗುತ್ತದೆ ಎಂದು ನಿಮಗೆ ಹೊಳೆದಿರಲಿಲ್ಲ ಎಂದುಕೊಂಡಿದ್ದೆ. ದಡ್ಡತನವಾಗಿದ್ದರೆ ಎಂದಾದರೂ ಕ್ಷಮಿಸಬಹುದಿತ್ತು. ನಿಮಗೆ ಹೊಳೆದಿತ್ತು. ನನ್ನ ಮಟ್ಟಿಗೆ ಮಾತ್ರ ಹೊಳೆದಿತ್ತು. ಅಕ್ಕನ ಮಗಳನ್ನು ಬದಿಗೆ ಸರಿಸಿ, ಆ ಜಾಗಕ್ಕೆ ಇಪ್ಪತ್ತೆರಡು ವರ್ಷ ಬಿಸಿ ರೋಲರಿನ ಮುಂದೆ ನಿಂತವಳನ್ನು ತಳ್ಳಿದಿರಿ. ಅದನ್ನು ಪ್ರೀತಿ ಎಂದು ನನಗೆ ಕೊಡಬೇಡಿ. ನಾನು ತೆಗೆದುಕೊಳ್ಳುವುದಿಲ್ಲ.

ಅಮ್ಮ ಹೇಳುತ್ತಾಳೆ, "ತಪ್ಪು ಮಾಡದೋರು ಯಾರೇ? ನನ್ನ ತಂಗಿ ಕೆಟ್ಟವಳಲ್ಲ." ಕೆಟ್ಟವರು ಎಂದು ನಾನೂ ಅನ್ನುತ್ತಿಲ್ಲ. ಹನ್ನೊಂದು ವರ್ಷ ಗೋಡೆಗೆ ಒರಗಿ ಕೂತವರಿಗೆ ಮೇಜಿನ ಹತ್ತಿರ ಒಂದು ಕುರ್ಚಿ ಬೇಕು. ಅದು ನನಗೆ ಅರ್ಥವಾಗುತ್ತದೆ. ಮೇಜಿನವರೆಗೆ ನಡೆಯಲು ನಮ್ಮ ಬೆನ್ನನ್ನೇ ಯಾಕೆ ತುಳಿದಿರಿ ಎನ್ನುವುದಷ್ಟೇ ಅರ್ಥವಾಗುವುದಿಲ್ಲ.

ಈಗ ಕೆಲಸದ ಮಾತು. ನಿಮ್ಮ ಹತ್ತಿರ ಇರುವ ಗುಂಪಿನ ನಕಲಿನ ಬಗ್ಗೆ ನೀವು ಒಂದು ಅಕ್ಷರವೂ ಬರೆದಿಲ್ಲ. ನಿಮ್ಮ ಅಕ್ಟೋಬರ್ ಇಪ್ಪತ್ನಾಲ್ಕರ ಪತ್ರ ನನ್ನ ಹತ್ತಿರ ಇದೆ. ಎರಡು ಮಾತು ಹೊಲಿದು ಒಬ್ಬಳ ಹೆಸರಿಗೆ ಹಾಕಿದೆ ಎಂದು ಅದರಲ್ಲಿ ನಿಮ್ಮ ಕೈಬರಹದಲ್ಲಿದೆ. ಅದನ್ನು ಹದಿನಾರನೇ ತಾರೀಕು ವಿಚಾರಣೆಯಲ್ಲಿ ಇಟ್ಟರೆ ದೊಡ್ಡಕ್ಕನ ಮೇಲಿನ ಆಪಾದನೆ ನಿಲ್ಲುವುದಿಲ್ಲ ಎಂದು ಬಾಯ್ಲರಿನವನು ಹೇಳುತ್ತಾನೆ. ಬೆದರಿಕೆಯ ಮಾತು ನನ್ನ ತಲೆಗೆ ಬರುತ್ತದೆ, ಬರಲಿ. ನಿಮಗೇನಾಗುತ್ತದೆ ಎಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನೀವು ನನಗೆ ಬರೆದದ್ದು ಅದು, ಲಾಂಡ್ರಿಗಲ್ಲ. ಅದಕ್ಕೆ ಕೇಳುತ್ತಿದ್ದೇನೆ. ತೋರಿಸಲೇ? ಹೂಂ ಅಥವಾ ಬೇಡ, ಒಂದು ಪದ ಸಾಕು. ಹದಿನಾಲ್ಕರೊಳಗೆ ತಲುಪಲಿ.

ಆರನೇ ಯಂತ್ರ


ನವೆಂಬರ್ ೯

ಮಗಳೇ,

ಹದಿನೆಂಟರವರೆಗೆ ಬೇಡ. ಕೈಮುಗಿದು ಕೇಳುತ್ತೇನೆ, ಅಲ್ಲಿಯವರೆಗೆ ಮಾತ್ರ. ಸಂದರ್ಶನ ಮುಗಿದ ಸಂಜೆಯಿಂದ ಯಾರಿಗೆ ಬೇಕಾದರೂ ತೋರಿಸು, ನಾನೇ ಬಂದು ಸಾಕ್ಷಿ ಹೇಳುತ್ತೇನೆ. ವಿಚಾರಣೆಯನ್ನು ಒಂದು ವಾರ ಮುಂದೂಡಲು ಕೇಳಿ ನೋಡಿ. ಇಂಥವು ಸಾಮಾನ್ಯವಾಗಿ ಮುಂದೆ ಹೋಗುತ್ತವೆ.

ಇನ್ನೊಂದು ಅವಕಾಶಕ್ಕೆ ನನಗೆ ವಯಸ್ಸಿಲ್ಲ.

ಚಿಕ್ಕಮ್ಮ


ನವೆಂಬರ್ ೨೧

ಚಿಕ್ಕಮ್ಮನವರಿಗೆ,

ವಿಚಾರಣೆ ಮುಂದೆ ಹೋಗಲಿಲ್ಲ. ಕೇಳಿದೆವು. "ಹಾಸುಗಳು ಕಾಯಲ್ಲಮ್ಮ" ಎಂದ ಮುಳ್ಳು.

ಹದಿನಾರರ ಬೆಳಿಗ್ಗೆ ನಿಮ್ಮ ಎರಡು ಪತ್ರಗಳೂ ನನ್ನ ಚೀಲದಲ್ಲಿದ್ದವು, ಹೊಲಿದೆ ಎಂದು ಬರೆದದ್ದು ಮತ್ತು ಬೇಡ ಎಂದು ಬರೆದದ್ದು. ಸುಳ್ಳು ಹೇಳುವುದಿಲ್ಲ, ಬೇಡ ಎಂದದ್ದನ್ನು ಹರಿದು ಮೊದಲನೆಯದನ್ನು ಮೇಜಿನ ಮೇಲೆ ಎಸೆಯಬೇಕು ಎಂದೇ ಮನೆಯಿಂದ ಹೊರಟಿದ್ದೆ. ಅವರ ಹತ್ತಿರ ಆಫೀಸು, ಮುದ್ರೆ, ಕೋಷ್ಟಕ ಎಲ್ಲ ಇರುವಾಗ ನಮ್ಮ ಹತ್ತಿರ ಇರುವ ಒಂದು ಕಾಗದವನ್ನು ನೀತಿಗಾಗಿ ಮಡಚಿ ಇಟ್ಟುಕೊಳ್ಳಬೇಕು ಎಂದು ಯಾವ ಕರಪತ್ರದಲ್ಲೂ ನಾನು ಓದಿಲ್ಲ.

ಆಫೀಸಿನ ಹೊರಗಿನ ಬೆಂಚಿನ ಮೇಲೆ ದೊಡ್ಡಕ್ಕನಿಗೆ ಎರಡನ್ನೂ ಓದಿ ಹೇಳಿದೆ. ತೀರ್ಮಾನ ಅವಳದು ತಾನೆ? ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು.

"ಬೇಡ ಅಂದಿದ್ದಾಳಲ್ಲ" ಅಂದಳು.

"ಅಂದ್ರೆ ಏನಾಯ್ತು? ನಮ್ಮನ್ನ ಅವರು ಕೇಳಿದ್ರಾ?"

"ಕೇಳಲಿಲ್ಲ. ಕೇಳಿದ್ರೆ ನಾನೂ ಬೇಡ ಅಂತಿದ್ದೆ. ಆಗ ನನ್ನ ಬೇಡಕ್ಕೆ ಒಂದು ಬೆಲೆ ಇರಬೇಕಾಗಿತ್ತು ಅಂತ ತಾನೇ ಈಗ ನೀನು ಇಷ್ಟು ಕುಣೀತಿರೋದು?"

"ದೊಡ್ಡಕ್ಕಾ, ನಿನ್ನ ಕೆಲಸ ಹೋಗುತ್ತೆ."

"ಹೋಗುತ್ತೆ. ನನ್ನ ಕೈ ಹೋಗಲ್ಲ. ಅದನ್ನ ಚೀಲಕ್ಕೆ ಹಾಕು, ಮೂಗು ಒರೆಸ್ಕೊ. ಒಳಗೆ ಅಳೋ ಮುಖ ತಗೊಂಡು ಬರಬೇಡ, ಅವನಿಗೆ ಖುಷಿ ಆಗುತ್ತೆ."

ಒಳಗೆ ನಾನು ಮತ್ತೆ ಹೇಳಿದೆ, ಆ ಮಾತು ನನ್ನದು, ಹನ್ನೊಂದು ನಲವತ್ತಕ್ಕೆ ನಾನು ಬರೆದದ್ದು ಎಂದು. ಹೊಲಿಗೆಯವಳು ನಾನು ಕರೆಯದೆಯೇ ಎದ್ದು ನಿಂತು, "ಹೌದು, ನಾನೂ ಓದಿದ್ದೆ, ಅದು ಇವಳದೇ" ಎಂದಳು. ಅವಳ ಭಾವ ಅಲ್ಲೇ ಕೂತು ಬರೆದುಕೊಳ್ಳುತ್ತಿದ್ದ, ತಲೆ ಎತ್ತಲಿಲ್ಲ. ವ್ಯವಸ್ಥಾಪಕ ನಿಮ್ಮ ಮುದ್ರೆಯ ಕಾಗದವನ್ನು ಬೆರಳಿನಿಂದ ತಟ್ಟಿದ. "ಇಷ್ಟು ದೊಡ್ಡ ವಿಶ್ವವಿದ್ಯಾಲಯ ಯಥಾವತ್ತು ಅಂತಿದೆ. ನಿಮ್ಮ ಮಾತು ಕೇಳಲಾ, ಅವರ ಮಾತು ಕೇಳಲಾ?" ಹಾಸುಗಳನ್ನು ಬೆರೆಸಿ ಒಗೆಯುವ ವಿಷಯ ಎತ್ತಿದೆ. ಇವತ್ತಿನ ವಿಚಾರಣೆ ಅದರ ಬಗ್ಗೆ ಅಲ್ಲ ಎಂದ. ಒಂದು ವಾರದಿಂದ ಎಲ್ಲ ಬೇರೆ ಬೇರೆ ಒಗೆಯುತ್ತಿದ್ದಾರೆ, ಕುದಿವ ನೀರಿನಲ್ಲಿ. ನಾವು ಬರೆದಿಟ್ಟದ್ದನ್ನು ಹಿಡಿದು ತಪಾಸಣೆಯವರನ್ನು ಈಗ ಕರೆತಂದರೂ ಅವರಿಗೆ ಸಿಗುವುದು ಬಿಳಿ ಹಾಸು ಮಾತ್ರ.

ಅರ್ಧ ಗಂಟೆಯಲ್ಲಿ ಮುಗಿಯಿತು. ನಾಲ್ಕನೇ ಯಂತ್ರಕ್ಕೆ ಹೊಸಬಳು ಬಂದಿದ್ದಾಳೆ. ನನಗೆ ಎಚ್ಚರಿಕೆಯ ಚೀಟಿ ಕೊಟ್ಟು ಕೆಲಸದಲ್ಲೇ ಉಳಿಸಿಕೊಂಡರು. ನೀವು ಬಯಸಿದ ಹಾಗೆಯೇ ನಾನು ಕ್ಷೇಮ.

ನಿಮ್ಮ ಸಂದರ್ಶನ ಚೆನ್ನಾಗಿ ಆಯಿತಂತೆ. ಅಮ್ಮನಿಗೆ ಫೋನ್ ಮಾಡಿದ್ದಿರಲ್ಲ, ಅವಳು ಹೇಳಿದಳು. ಈಗ ಪತ್ರ ತೋರಿಸಬಹುದು ಎಂದೂ ಹೇಳಿದಿರಂತೆ. ಯಾರಿಗೆ? ವಿಚಾರಣೆಯ ಕಡತ ಕಟ್ಟಿ ಕಪಾಟಿಗೆ ಇಟ್ಟಾಯಿತು. ಮೇಲ್ಮನವಿ ಹಾಕೋಣ ಎಂದು ನಾನೂ ಬಾಯ್ಲರಿನವನೂ ಬೆನ್ನು ಬಿದ್ದಿದ್ದೇವೆ. ದೊಡ್ಡಕ್ಕ ಇನ್ನೂ ಹೂಂ ಎಂದಿಲ್ಲ. ಹೂಂ ಎಂದ ದಿನ ನಿಮಗೆ ತಿಳಿಸುತ್ತೇನೆ, ಬಂದು ಸಾಕ್ಷಿ ಹೇಳಿ. ಅಲ್ಲಿಯವರೆಗೆ ಬರಬೇಡಿ. ಅಮ್ಮನ ಮಂಡಿಯ ನೆಪದಲ್ಲೂ ಬರಬೇಡಿ.

ಈ ಪತ್ರವನ್ನು ಬರೆದು ಮುಗಿಸಿ ದೊಡ್ಡಕ್ಕನ ಮನೆಗೆ ತಂದಿದ್ದೇನೆ. ಇದರಲ್ಲಿ ಅವಳ ಮಾತಿದೆ, ಅವಳ ಬೆಂಚಿದೆ, ಅವಳ ಸೀರೆಯಿದೆ. ಅವಳನ್ನು ಕೇಳದೆ ಅಂಚೆಗೆ ಹಾಕಲು ನನಗೆ ಕೈ ಬರಲಿಲ್ಲ. ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದಳು. "ಸೀರೆ ಇರಲಿ" ಅಂದಳು. ಆಫೀಸಿನಿಂದ ಹೊರಗೆ ಬಂದ ಮೇಲೆ ಗೇಟಿನ ಹತ್ತಿರ ಅವಳು ಏನು ಮಾಡಿದಳು ಎಂದು ನಾನು ಎರಡು ಸಾಲು ಬರೆದಿದ್ದೆ. "ಅದು ಬೇಡ, ತೆಗಿ" ಅಂದಳು.

ತೆಗೆದಿದ್ದೇನೆ.

ಆರನೇ ಯಂತ್ರ